ಈಶಾನ್ಯ ಮೂಲೆಯ ಚಿಲಕ

ನನ್ನ ಮನೆಯ ಈಶಾನ್ಯ ಮೂಲೆಯಲ್ಲಿ ಸಂಡಾಸವಿದೆ. ಮೊದಲೇ ಹೇಳಿಬಿಡುತ್ತೇನೆ. ಮೂಗು ಮುಚ್ಚಿಕೊಳ್ಳುವವರು ಇಲ್ಲೇ ಮುಚ್ಚಿಕೊಂಡು ಎದ್ದು ಹೋಗಬಹುದು. ಶೌಚಾಲಯ ಎಂದು ಬರೆದರೆ ಮರ್ಯಾದೆ ಹೆಚ್ಚು ಎಂದು ನನಗೂ ಗೊತ್ತು, ನಾನೂ ಮಾಸ್ತರಿಕೆ ಮಾಡುವವಳೇ. ಆದರೆ ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿಯ ಕಡೆ ಅದಕ್ಕೆ ಎಲ್ಲರೂ ಸಂಡಾಸ ಎಂದೇ ಅನ್ನುತ್ತಾರೆ. ಅದನ್ನು ಆ ಮೂಲೆಯಲ್ಲಿ ಕಟ್ಟಿಸಲು ನಾನು ಪಟ್ಟ ಪಾಡನ್ನು ನೆನೆಸಿಕೊಂಡರೆ ಚಂದದ ಶಬ್ದ ಹುಡುಕುವ ಮನಸ್ಸಾಗುವುದಿಲ್ಲ.

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಮದುವೆ ಆಗಿತ್ತು, ಈಗ ಇಲ್ಲ, ಆ ಕತೆ ಇಲ್ಲಿ ಬೇಡ. ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ. ತಾಲೂಕು ಊರಿನ ಅಂಚಿನಲ್ಲಿ, ಹಿಂದೆ ಕಬ್ಬು ಬೆಳೆಯುತ್ತಿದ್ದ ಹೊಲವೊಂದು ಕೃಷಿಯೇತರ ಜಮೀನೆಂದು ಎನ್.ಎ. ಆಗಿ ಪ್ಲಾಟುಗಳಾಗಿ ಹೋಳಾದಾಗ, ನಾನೂ ಒಂದು ಪ್ಲಾಟು ಹಿಡಿದೆ. ಗಂಡಸಿಲ್ಲದ ಮನೆ ಎಂದರೆ ಊರಿಗೆ ಬಹಳ ಪ್ರೀತಿ. ಮರಳು ಎಲ್ಲಿ ಸುರಿಸಬೇಕು, ಬಾಗಿಲು ಎಷ್ಟು ಎತ್ತರ ಇರಬೇಕು, ಯಾವ ವಾರ ಸಿಮೆಂಟು ತರಬಾರದು ಎಂದು ಹೇಳಲು ದಾರಿಯಲ್ಲಿ ಹೋಗುವವರೂ ಗಾಡಿ ನಿಲ್ಲಿಸಿ ಇಳಿಯುತ್ತಿದ್ದರು. ಅವರಿಗೆಲ್ಲ ಮೊದಮೊದಲು ನಾನು ಚಹಾ ಕೊಟ್ಟೆ. ಆಮೇಲೆ ಬಿಟ್ಟೆ.

ನಕ್ಷೆ ಬರೆದವನು ಬಸ್ ಸ್ಟ್ಯಾಂಡಿನ ಹತ್ತಿರ ಆಫೀಸು ಇಟ್ಟುಕೊಂಡಿರುವ ಒಬ್ಬ ಎಂಜಿನಿಯರು. ಅವನಿಗೆ ನಾನು ಹೇಳಿದ್ದು ದೊಡ್ಡದೇನಲ್ಲ. ಅವ್ವನ ಕೋಣೆ ಮುಂದೆ ಇರಲಿ, ಕಿಟಕಿಯಿಂದ ರಸ್ತೆ ಕಾಣಲಿ, ಹೋಗುವವರು ಬರುವವರು ಅವಳ ಕಣ್ಣಿಗೆ ಬೀಳಲಿ. ಸಂಡಾಸ, ಬಚ್ಚಲು ಹಿಂದೆ ಹಿತ್ತಲಲ್ಲಿ, ಅಡುಗೆಮನೆ ದಾಟಿ ಮೆಟ್ಟಿಲಿಳಿದು. ನಮ್ಮ ಕಡೆ ಇವತ್ತಿಗೂ ಹಾಗೇ ಕಟ್ಟುತ್ತಾರೆ, ಉಣ್ಣುವ ಜಾಗದಿಂದ ಅದು ದೂರ ಇರಬೇಕು ಎಂದು. ಆಗ ಅವ್ವ ಗಟ್ಟಿಯಿದ್ದಳು. ಗುರುವಾರದ ಸಂತೆಗೆ ತಾನೇ ನಡೆದುಹೋಗಿ, ಮೆಣಸಿನಕಾಯಿಯವನ ಜೊತೆ ಜಗಳ ಮಾಡಿ, ಚೀಲ ಹೊತ್ತುಕೊಂಡು ಬರುತ್ತಿದ್ದಳು. ಹಿತ್ತಲು ದೂರ ಎಂದು ಯಾರಿಗೂ ಅನಿಸಲಿಲ್ಲ. ನಕ್ಷೆ ಪುರಸಭೆಗೆ ಹೋಯಿತು, ತಿರುಗಿ ತಿರುಗಿ ನನ್ನ ಚಪ್ಪಲಿ ಸವೆಯಿತು, ಕೊನೆಗೆ ಮೊಹರು ಬಿದ್ದು ಪರವಾನಗಿ ಕೈಗೆ ಬಂತು. ಪಾಯಾ ತೋಡಿದರು.

ಗೋಡೆ ಎದೆಮಟ್ಟ ಬಂದಾಗ ಅವ್ವ ಬಿದ್ದಳು. ನಾವಿದ್ದ ಬಾಡಿಗೆ ಮನೆಯ ಹಿತ್ತಲ ಮೆಟ್ಟಿಲ ಮೇಲೆ ಸೋಪಿನ ನೀರು ಚೆಲ್ಲಿತ್ತು. ತೊಡೆಯ ಎಲುಬು ಮುರಿಯಿತು. ಮಿರಜಿಗೆ ಒಯ್ದು ರಾಡು ಹಾಕಿಸಿದೆವು. ವಾಕರ್ ಹಿಡಿದು ಪಡಸಾಲೆಯ ತನಕ ಬರುವಷ್ಟಾದಳು, ಅದರಾಚೆ ಆಗಲಿಲ್ಲ. ಆ ಮನೆಯ ಸಂಡಾಸ ಅಂಗಳದ ಆ ತುದಿಯಲ್ಲಿತ್ತು. ನಾನು ಶಾಲೆಗೆ ಹೊರಡುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ ತೋಳು ಹಿಡಿದು ಕರೆದುಕೊಂಡು ಹೋಗುತ್ತಿದ್ದೆ. ನಡುವೆ ಇಡೀ ದಿನ ಅವಳೊಬ್ಬಳೇ.

ನಾನು ಅವಳ ಪಕ್ಕ ತಂಬಿಗೆ ತುಂಬಿ ಇಟ್ಟುಹೋದ ನೀರು ಸಂಜೆ ಹಾಗೇ ಇರುತ್ತಿತ್ತು. ಕೇಳಿದರೆ, “ನೀರಡಿಕಿ ಇಲ್ಲ” ಅನ್ನುತ್ತಿದ್ದಳು. ಊಟದ ಹೊತ್ತಿಗೆ ಲೋಟ ತುಂಬಿ ಕೊಟ್ಟರೆ ಅರ್ಧ ಕುಡಿದು ಸರಿಸುತ್ತಿದ್ದಳು. ಕೆಲವು ದಿನ ಹೋದ ಮೇಲೆ ನಾನೂ ಅರ್ಧವೇ ಕೊಡತೊಡಗಿದೆ. ಆಮೇಲೆ ಉರಿಮೂತ್ರ ಆಗಿ, ಚಳಿಜ್ವರ ಬಂದು, ಹಾಸಿಗೆಯಲ್ಲಿ ಬಡಬಡಿಸತೊಡಗಿದಳು. ಡಾಕ್ಟರು ಅವಳನ್ನು ಬಿಟ್ಟು ನನ್ನನ್ನು ಬೈದರು. “ನೀರು ಕುಡಿಸದಿದ್ರ ರಾಡು ಗಟ್ಟಿ ಇರತೈತಿ, ನಿಮ್ಮವ್ವ ಇರೂದಿಲ್ಲ” ಎಂದರು.

ಅವಳು ಯಾಕೆ ಕುಡಿಯುವುದಿಲ್ಲ ಎಂದು ನನಗೆ ತಿಳಿಯದೆ ಇರಲಿಲ್ಲ. ಹರೆಯದಲ್ಲಿ ಅವ್ವ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ದುಡಿದವಳು. ದೊಡ್ಡ ಗೋದಾಮು, ಮುಖಕ್ಕೆ ಸೀರೆಯ ಸೆರಗು ಕಟ್ಟಿಕೊಂಡು ಹೆಂಗಸರು ಸಾಲಾಗಿ ಕೂತು ತಂಬಾಕು ಜರಡಿ ಹಿಡಿಯುವುದು. ಅಲ್ಲಿ ಹೆಂಗಸರಿಗೆ ಒಂದು ಸಂಡಾಸವಿತ್ತು, ಅದರ ಬಾಗಿಲಿಗೆ ಚಿಲಕವಿರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಎಳೆದು ಹಿಡಿದು ನಿಲ್ಲಬೇಕು, ಇಬ್ಬರೂ ಎದ್ದುಹೋದರೆ ಕೆಲಸದ ಮೇಲೆ ಕಣ್ಣಿಡುವ ಮುಕಾದಮ ಬೈಯುತ್ತಾನೆ. ಅದರ ಬದಲು ನೀರೇ ಕುಡಿಯದಿರುವುದು ಲೇಸು ಎಂದು ಎಲ್ಲ ಹೆಂಗಸರೂ ಕಲಿತುಬಿಟ್ಟಿದ್ದರು. ಆ ವಖಾರಿಯ ವಿದ್ಯೆ ಅವ್ವನಿಗೆ ಮತ್ತೆ ನೆನಪಾಗಿತ್ತು. ನನಗೆ ಸಿಟ್ಟು ಬಂದದ್ದು ಅವಳ ಮೇಲಲ್ಲ.

ಜ್ವರ ಇಳಿದ ದಿನ ನಾನು ಮನೆಯ ನಕ್ಷೆ ಬಿಚ್ಚಿ ಹಾಸಿಗೆಯ ಮೇಲೆ ಹರಡಿದೆ. ಅವ್ವನ ಕೋಣೆಗೆ ಹತ್ತಿಕೊಂಡು, ಒಂದೇ ಗೋಡೆಯ ಆಚೆ, ಈಶಾನ್ಯ ಮೂಲೆಯಲ್ಲಿ ಒಂದು ಚಿಕ್ಕ ಚೌಕವಿತ್ತು. ಕೈ ಚಾಚಿದರೆ ಎರಡೂ ಕಡೆಯ ಗೋಡೆ ಸಿಗುವಷ್ಟು. ಅದರೊಳಗೆ ‘ಪೂಜಾ’ ಎಂದು ಬರೆದಿತ್ತು. ನಾನು ಅದನ್ನು ಅಲ್ಲಿಯತನಕ ಉಗ್ರಾಣ ಎಂದುಕೊಂಡಿದ್ದೆ. ನಾವು ಬೌದ್ಧರು. ನಮ್ಮ ಮನೆಗಳಲ್ಲಿ ದೇವರ ಕೋಣೆ ಇರುವುದಿಲ್ಲ. ಪಡಸಾಲೆಯ ಗೋಡೆಗೆ ಬುದ್ಧನ ಒಂದು ಚಿತ್ರ, ಪಕ್ಕದಲ್ಲಿ ನೀಲಿ ಕೋಟಿನ ಒಂದು ಚಿತ್ರ, ಮುಂದೆ ಎರಡು ಮೇಣದಬತ್ತಿ, ಅಷ್ಟೇ. ಅದಕ್ಕೆ ನಾಲ್ಕು ಗೋಡೆ ಬೇಕಾಗುವುದಿಲ್ಲ.

ನಕ್ಷೆ ಹಿಡಿದುಕೊಂಡು ಎಂಜಿನಿಯರನ ಆಫೀಸಿಗೆ ಹೋದೆ.

“ಈ ಖೋಲಿ ಯಾರ ಹೇಳಿದ್ರು?” ಎಂದು ಕೇಳಿದೆ.

“ಅದ ತಾನ ಬರತೈತ್ರಿ ಅಕ್ಕೋರ. ಎಲ್ಲಾರ ನಕ್ಷಾದಾಗೂ ಇರತೈತಿ.”

“ನಾ ಹೇಳಿದ್ನೇನ?”

“ಹೇಳೂದೇನ ಐತ್ರಿ ಅದರಾಗ? ದೇವರ ಖೋಲಿ ಇಲ್ಲದ ಮನಿ ಇರತೈತೇನ್ರಿ?”

“ನಮ್ಮದ ಇರತೈತಿ.”

ಅವನು ನನ್ನ ಮುಖ ನೋಡಿದ. ನನ್ನ ಅಡ್ಡಹೆಸರು ಅವನ ಕಾಗದಗಳಲ್ಲೇ ಇತ್ತು, ಅದನ್ನು ನೋಡಿ ನಾವು ಯಾರು ಎಂದು ಅವನಿಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೇ ಕುರ್ಚಿಯನ್ನು ಸ್ವಲ್ಪ ಹಿಂದೆ ಸರಿಸಿ ಕೂತಿದ್ದವನು. ಆದರೂ ಅವನ ಕಂಪ್ಯೂಟರು ಯಾವ ಮನೆಗೆ ನಕ್ಷೆ ತೆಗೆದರೂ ಈಶಾನ್ಯಕ್ಕೆ ಒಂದು ಪೂಜಾ ಇಟ್ಟೇ ಕೊಡುತ್ತಿತ್ತು, ಅವನು ಒಂದು ದಿನವೂ ಅದನ್ನು ತೆಗೆಯುವ ಗೋಜಿಗೆ ಹೋದವನಲ್ಲ. ಅದನ್ನು ತೆಗೆದು ಅಲ್ಲಿ ಸಂಡಾಸ ಹಾಕು, ಅವ್ವನ ಕೋಣೆಯಿಂದ ಬಾಗಿಲು ಬಿಡು ಎಂದೆ. ಅವನು ಪೆನ್ನು ಕೆಳಗಿಟ್ಟ.

“ಈಶಾನ್ಯದಾಗ? ಸಂಡಾಸ? ಅಕ್ಕೋರ, ನನ್ನ ಸೀಲ್ ಇರತೈತ್ರಿ ಆ ಕಾಗದದ ಮ್ಯಾಲ.”

ಹಿಂದಿನ ಕೋಣೆಗೆ ಅವ್ವನನ್ನು ಹಾಕಿ ಎಂದ. ಹಿಂದಿನ ಕೋಣೆಯಲ್ಲಿ ಅವಳಿಗೆ ಕಾಣುವುದು ಕಂಪೌಂಡು ಗೋಡೆ. ಹೊರಗೆ, ಗೋಡೆಗೂ ಕಂಪೌಂಡಿಗೂ ನಡುವೆ ಕಟ್ಟೋಣವೆ ಎಂದು ನಾನೇ ಕೇಳಿದೆ. ಅದು ಖಾಲಿ ಬಿಡಬೇಕಾದ ಜಾಗ, ಕಾಯಿದೆ ಒಪ್ಪುವುದಿಲ್ಲ ಎಂದ. ಇಂಥ ಹೊತ್ತಿಗೆ ಮಾತ್ರ ಅವನಿಗೆ ಕಾಯಿದೆ ನೆನಪಾಗುತ್ತಿತ್ತು. ಕೊನೆಗೆ ದನಿ ತಗ್ಗಿಸಿ ಹೇಳಿದ, “ಪರವಾನಗಿ ಬಂದ ಮ್ಯಾಲ ಒಂದ ಗೆರಿ ಸರಿಸಿದ್ರೂ ಹೊಸಾ ನಕ್ಷಾ ಕೊಟ್ಟ ಮತ್ತ ಮಂಜೂರ ಮಾಡಿಸಬೇಕ್ರಿ. ಸುಮ್ಮನ ಯಾಕ? ಕಾಗದದಾಗ ಪೂಜಾ ಅಂತ ಇರ್ಲಿ. ಒಳಗ ನೀವ ಏನರ ಮಾಡಕೋರ್ರಿ. ಯಾರ ನೋಡತಾರ?”

ನಮ್ಮ ಓಣಿಯಲ್ಲಿ ಎಲ್ಲರೂ ಮಾಡಿದ್ದು ಅದನ್ನೇ. ಕಾಗದದಲ್ಲಿ ಕಾರು ನಿಲ್ಲಿಸುವ ಜಾಗ, ನೆಲದ ಮೇಲೆ ಕಿರಾಣಿ ಅಂಗಡಿ. ಕಾಗದದಲ್ಲಿ ಬಾಲ್ಕನಿ, ನೆಲದ ಮೇಲೆ ಮಗನ ಬೆಡ್‌ರೂಮು. ನಮ್ಮ ಬಡಗಣ ಮಗ್ಗುಲಿನ ಮನೆಯವರ ಹೊರಮೆಟ್ಟಿಲು ನಮ್ಮ ಕಂಪೌಂಡಿಗೆ ಬಂದು ಮುತ್ತಿಕ್ಕುತ್ತಿತ್ತು. ಯಾರೂ ಯಾರ ಮೇಲೂ ಅರ್ಜಿ ಕೊಡುತ್ತಿರಲಿಲ್ಲ, ಎಲ್ಲರ ಬಾಲವೂ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಆದರೆ ನನಗೆ ಈ ಊರಿನ ಗುಣ ಗೊತ್ತು. ಅಂಗಡಿಗೆ ಸಿಗುವ ಮಾಫಿ ನನ್ನ ಸಂಡಾಸಕ್ಕೆ ಸಿಗುವುದಿಲ್ಲ. ಕದ್ದು ಕಟ್ಟಿದ್ದನ್ನು ಯಾವನಾದರೂ ಬಂದು ಒಡೆಸಬಹುದು. ಅವ್ವ ಒಳಗೆ ಕೂತಿರುವಾಗ ಯಾವನೂ ಹೊರಗೆ ಕಾಗದ ಹಿಡಿದುಕೊಂಡು ನಿಲ್ಲಬಾರದು. ಅದು ನಕ್ಷೆಯಲ್ಲಿ ಇರಲೇಬೇಕು, ಅದರ ಹೆಸರಿನಲ್ಲೇ ಇರಬೇಕು ಎಂದೆ. ಅವನು ಬೇರೆ ಎಂಜಿನಿಯರನನ್ನು ನೋಡಿಕೊಳ್ಳಿ ಎಂದ.

ನಾನು ನೋಡಿಕೊಳ್ಳಲಿಲ್ಲ. ಮರುದಿನ ಶಾಲೆ ಬಿಟ್ಟ ಮೇಲೆ ಉತ್ತರಪತ್ರಿಕೆಗಳ ಕಟ್ಟು ಹಿಡಿದುಕೊಂಡು ಹೋಗಿ ಅವನ ಆಫೀಸಿನಲ್ಲಿ ಗಿರಾಕಿಗಳು ಕೂರುವ ಬೆಂಚಿನ ಮೇಲೆ ಕೂತೆ. ಪತ್ರಿಕೆ ತಿದ್ದಿದೆ. ಅವನು ಶಟರು ಎಳೆಯುವ ಹೊತ್ತಿಗೆ ಎದ್ದು ಬಂದೆ. ಅದರ ಮರುದಿನವೂ ಹೋದೆ. ಮನೆ ಕಟ್ಟಿಸಲು ಬಂದ ಗಿರಾಕಿಗಳು, “ಅಕ್ಕೋರ, ಇಲ್ಲ್ಯಾಕ ಕುಂತೀರಿ?” ಎಂದು ಕೇಳಿದರೆ, “ನಮ್ಮವ್ವನ ಸಂಡಾಸದ ಸಲುವಾಗಿ” ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದೆ. ಗಿರಾಕಿಗಳಲ್ಲಿ ಕೆಲವರ ಮಕ್ಕಳು ನನ್ನ ವಿದ್ಯಾರ್ಥಿಗಳು. ಅವರು ನಕ್ಕರೆ ಅವನ ಕಿವಿ ಕೆಂಪಾಗುತ್ತಿತ್ತು. ನನಗೆ ನಾಚಿಕೆ ಆಗಲಿಲ್ಲ, ಮಜಾ ಬಂತು. ಒಂದು ಸಂಜೆ ಅವನು ಪೂಜಾ ಅಳಿಸಿ ‘ಸ್ಟೋರ್’ ಎಂದು ಬರೆದು ನನ್ನ ಮುಂದೆ ಎಸೆದ. ನಾನು ಕೆಂಪು ಪೆನ್ನಿನಿಂದ ಅದರ ಮೇಲೆ ಅಡ್ಡಗೆರೆ ಹೊಡೆದು ಪತ್ರಿಕೆ ತಿದ್ದುವುದನ್ನು ಮುಂದುವರಿಸಿದೆ. ಅದಾದ ಮೇಲೆ ಒಂದು ದಿನ ‘ಟಾಯ್ಲೆಟ್’ ಬಂತು, ಸೀಲೂ ಬಂತು. ಹೊಸ ನಕ್ಷೆಯ ಅರ್ಜಿ ಪುರಸಭೆ ಸೇರಿತು. ಸ್ಥಳ ಪರಿಶೀಲನೆಗೆ ಸಾಹೇಬರು ಬರುತ್ತಾರೆ, ನೋಡಿ ಮಂಜೂರು ಮಾಡುತ್ತಾರೆ ಎಂದರು. ಯಾವಾಗ ಎಂದು ಮಾತ್ರ ಯಾರೂ ಹೇಳಲಿಲ್ಲ. ಅವ್ವನ ಸ್ಥಿತಿ ಕಾಯುವಂತಿರಲಿಲ್ಲ, ಹೊಸ ನಕ್ಷೆಯಂತೆ ಕಟ್ಟಿಸತೊಡಗಿದೆ.

ಸುದ್ದಿ ಓಣಿಗೆ ತಲುಪಲು ತಡವಾಗಲಿಲ್ಲ. ಬಡಗಣ ಮಗ್ಗುಲಿನ ಮನೆಯವರು ನೌಕರಿಯಿಂದ ನಿವೃತ್ತರಾದವರು, ಬೆಳಗಿನ ಹೊತ್ತು ಟೋಪಿ ಹಾಕಿಕೊಂಡು ಓಣಿಯ ಉದ್ದಕ್ಕೂ ನಡೆದು ಯಾರ ಮನೆಯಲ್ಲಿ ಏನು ನಡೆದಿದೆ ಎಂದು ನೋಡಿಕೊಂಡು ಬರುವವರು. ಅವರ ಅಡುಗೆಮನೆ ಅವರ ಆಗ್ನೇಯ ಮೂಲೆಯಲ್ಲಿತ್ತು, ಶಾಸ್ತ್ರದಂತೆ. ಅವರ ಆಗ್ನೇಯಕ್ಕೆ ಎದುರು ಬರುವುದು ನಮ್ಮ ಈಶಾನ್ಯ. ಅವರು ಶಾಸ್ತ್ರ ಹಿಡಿದು ಒಲೆ ಇಟ್ಟಿದ್ದಕ್ಕೆ ನನ್ನ ಅವ್ವ ಹಿತ್ತಲಿಗೆ ಹೋಗಬೇಕು ಎಂದು ಅವರ ವಾದ. ಒಂದು ಬೆಳಿಗ್ಗೆ ಕಟ್ಟಡದ ಹತ್ತಿರ ಬಂದು ನಿಂತರು.

“ಬಾಯಿ, ನೀವ ಶಿಕ್ಷಕರು. ತಿಳದವರು. ದೇವರ ಜಾಗಾದಾಗ ಹಿಂತಾದ್ದ ಮಾಡ್ತಾರ?”

“ಅಲ್ಲಿ ದೇವರ ಇರಲೇ ಇಲ್ಲಲ್ರಿ. ಎಂಜಿನಿಯರ ಬರದಿದ್ದ.”

“ಬರದ ಮ್ಯಾಲ ಆತಲ್ರಿ. ಬರದಿದ್ದ ಅಳಸೂದಂದ್ರ…” ಎಂದು ಗಲ್ಲ ಬಡಿದುಕೊಂಡರು. ಆಮೇಲೆ ಸಮಾಧಾನದ ದನಿಯಲ್ಲಿ, ನನಗೆ ಒಳ್ಳೆಯದನ್ನೇ ಬಯಸುವವರ ಹಾಗೆ, ಆ ಮಾತು ಹೇಳಿದರು. “ಮುದುಕಿ ಇನ್ನ ಎಷ್ಟ ದಿನ ಇರತಾಳ್ರಿ? ಮನಿ ನೂರ ವರ್ಷ ಇರತೈತಿ.”

ನನಗೆ ಮೈಯೆಲ್ಲ ಉರಿದುಹೋಯಿತು. ಏನು ಹೇಳಿದೆ ಎಂದು ಇಲ್ಲಿ ಬರೆಯುವುದಿಲ್ಲ, ಶಿಕ್ಷಕಿ ಆಡುವ ಮಾತಲ್ಲ ಅದು. ಅವರು ಟೋಪಿ ಸರಿಮಾಡಿಕೊಂಡು ಹೋದರು. ಅಂದಿನಿಂದ ಅವರ ಅಡುಗೆಮನೆಯ ಕಿಟಕಿ ನಮ್ಮ ಕಡೆ ತೆರೆದದ್ದನ್ನು ನಾನು ನೋಡಿಲ್ಲ.

ನಮ್ಮವರೇನು ಕಡಿಮೆ ಇರಲಿಲ್ಲ. ಐಗಳಿಯಿಂದ ನಮ್ಮ ಸೋದರಮಾವ ಅವ್ವನನ್ನು ನೋಡಲು ಬಂದವನು, ಕಟ್ಟಡವನ್ನೂ ನೋಡಿಕೊಂಡು ಬಂದು, ಚಹಾದ ಬಸಿ ಕೈಯಲ್ಲಿ ಹಿಡಿದು, “ನಾವ ಇದನ್ನೆಲ್ಲಾ ಮಾನೂದಿಲ್ಲ, ಖರೆ. ಆದ್ರೂ ಎದಕ ಬೇಕ? ಮಂದಿ ಏನ ಅಂತಾರ?” ಎಂದ. ಪ್ರತಿವರ್ಷ ಜಯಂತಿಯ ವೇದಿಕೆಯ ಮೇಲೆ ಮೈಕು ಹಿಡಿದು ಮೂಢನಂಬಿಕೆ ಬಿಡಿ ಎಂದು ಭಾಷಣ ಮಾಡುವವನು. ಅವನ ಮೇಲೆ ನನಗೆ ಬಂದ ಸಿಟ್ಟು ಆ ಟೋಪಿಯವರ ಮೇಲೂ ಬಂದಿರಲಿಲ್ಲ. ಬಸಿ ಕೈಯಿಂದ ಕಿತ್ತುಕೊಳ್ಳುವುದೊಂದು ಬಾಕಿ. ಅವ್ವ ಹಾಸಿಗೆಯ ಮೇಲಿಂದಲೇ, “ಮಂದಿ ಬಂದ ನನ್ನ ಎತ್ತಿ ಒಯ್ತಾರೇನ ಹಿತ್ತಲಕ?” ಎಂದಳು. ಅವನು ಬಸ್ಸಿಗೆ ಹೊತ್ತಾಯಿತೆಂದು ಎದ್ದ.

ಈ ಎಲ್ಲದರ ನಡುವೆ ಅವ್ವ ಆ ಮೂಲೆಯ ಬಗ್ಗೆ ಒಂದೇ ಒಂದು ಬೇಡಿಕೆ ಇಟ್ಟಿದ್ದಳು. ಟೈಲ್ಸಿನ ಬಣ್ಣ ಕೇಳಲಿಲ್ಲ, ಗೀಸರು ಕೇಳಲಿಲ್ಲ. “ಒಳಗಿಂದ ಚಿಲಕಾ ಬೇಕು” ಎಂದಳು. ಡಾಕ್ಟರು ಬೇಡವೆಂದಿದ್ದರು, ಒಳಗೆ ಬಿದ್ದರೆ ಬಾಗಿಲು ಒಡೆಯಬೇಕಾಗುತ್ತದೆ ಎಂದು. ನಾನೂ ಹೇಳಿ ನೋಡಿದೆ. “ಒಡೀರಿ. ಬಿದ್ದಾಗ ಒಡೀರಿ. ಚಿಲಕಾ ಇರಬೇಕು, ನನ್ನ ಕೈಗೆ ಸಿಗೂವಂಗ ಕೆಳಗ ಇರಬೇಕು” ಎಂದಳು. ವಾಕರ್ ಹಿಡಿದು ನಿಂತರೆ ಅವಳ ಕೈ ಎಲ್ಲಿಗೆ ಬರುತ್ತದೆ ಎಂದು ನೋಡಿ ಗೋಡೆಗೆ ಗುರುತು ಹಾಕಿಕೊಂಡೆ. ಗಟ್ಟಿ ಹಿತ್ತಾಳೆಯ ಚಿಲಕ, ಕುರ್ಚಿಯ ಹಾಗೆ ಕೂರುವ ಕಮೋಡು, ಪಕ್ಕಕ್ಕೆ ಹಿಡಿದುಕೊಳ್ಳುವ ಸರಳು, ಎಲ್ಲವನ್ನೂ ಗಡಿಯ ಕೊಗನೊಳ್ಳಿ ದಾಟಿ ಹೋಗಿ ಕೊಲ್ಹಾಪುರದಿಂದ ತಂದೆ. ನಮ್ಮೂರಿನ ಅಂಗಡಿಯಲ್ಲಿ ಕೇಳಿದ್ದರೆ ಇಡೀ ಪೇಟೆ ಇನ್ನೊಂದು ಸಲ ನನಗೆ ಬುದ್ಧಿ ಹೇಳುತ್ತಿತ್ತು.

ಆಮೇಲೆ ಗೌಂಡಿ ಕೈಯೆತ್ತಿದ. ಅವನು ಜುಗೂಳದವನು, ಕೃಷ್ಣಾ ಹೊಳೆಯ ದಂಡೆಯವನು, ಕೆಲಸದಲ್ಲಿ ಗಟ್ಟಿಗ. ಗೋಡೆ ಕಟ್ಟಿದ, ಮಾಳಿಗೆ ಹಾಕಿದ, ಆ ಚಿಕ್ಕ ಕೋಣೆಯ ಗೋಡೆಗೆ ಸಿಮೆಂಟಿನ ಗಿಲಾಯಿಯನ್ನೂ ಮಾಡಿದ. ಕಮೋಡು ಕೂರಿಸು ಎಂದಾಗ ಕರಣೆ ತೊಳೆದು ಚೀಲಕ್ಕೆ ಹಾಕಿದ.

“ಇದೊಂದ ನನ್ನ ಕೈಲೆ ಆಗೂದಿಲ್ರಿ ಅಕ್ಕೋರ. ಈಶಾನ್ಯದಾಗ ಸಂಡಾಸ ಕುಂಡ್ರಿಸಿದ ಕೈಲೆ ಮುಂದ ಯಾರ ಮನಿ ಪಾಯಾ ಹಾಕ್ಲಿ? ಮಂದಿ ಕರೆಯೂದಿಲ್ಲ ನನ್ನ.”

ಬೇರೆ ಗೌಂಡಿ ಹುಡುಕಿದೆ. ಕಾಗವಾಡದಿಂದ ಒಬ್ಬ ಬಂದ, ಮೂಲೆ ನೋಡಿದ, ಹೋದ. ರಾಯಬಾಗದವನು ಫೋನಿನಲ್ಲೇ ಕೇಳಿ ಫೋನು ಇಟ್ಟ. ಕಮೋಡು ಅದರ ಪೆಟ್ಟಿಗೆಯೊಳಗೇ ಪಡಸಾಲೆಯ ನಡುವೆ ಕೂತಿತು. ಉಳಿದ ಮನೆಗೆ ಬಣ್ಣ ಬಳಿದದ್ದಾಯಿತು, ಹಿತ್ತಲ ಸಂಡಾಸವೂ ಮುಗಿಯಿತು, ಬಾಡಿಗೆ ಮನೆಯವರು ಯಾವಾಗ ಬಿಡುತ್ತೀರಿ ಎಂದು ಕೇಳತೊಡಗಿದರು. ಅವ್ವನಿಗೆ ಮತ್ತೊಮ್ಮೆ ಜ್ವರ ಬಂದು ಹೋಯಿತು.

ಜ್ವರ ಬಿಟ್ಟ ಮೇಲೆ ಅವಳು ಮನೆ ನೋಡಬೇಕು ಎಂದಳು. ರಿಕ್ಷಾದಲ್ಲಿ ಕರೆದುಕೊಂಡು ಬಂದೆ. ಪಡಸಾಲೆಯಲ್ಲಿ ಕೂರಲು ಏನೂ ಇರಲಿಲ್ಲ. ಅವಳು ಸುತ್ತ ನೋಡಿ, ವಾಕರ್ ಹಿಡಿದು ನಿಧಾನ ಹೋಗಿ, ಕಮೋಡಿನ ಪೆಟ್ಟಿಗೆಯ ಮೇಲೆಯೇ ಕೂತಳು. ಜುಗೂಳದ ಗೌಂಡಿ ತನ್ನ ಕೊನೆಯ ಕೆಲಸ ಮುಗಿಸಿ ಸಾಮಾನು ಒಯ್ಯಲು ಬಂದಿದ್ದ. ಬಿಸಿಲಿತ್ತು. ಅವನು ತನ್ನ ಬಾಟಲಿಯನ್ನು ಮುಂದೆ ಹಿಡಿದು, “ಯಮ್ಮಾ, ನೀರ ಕುಡೀರಿ” ಎಂದ.

“ಬ್ಯಾಡಪಾ. ಕುಡದ್ರ ಹೋಗಬೇಕಾಗತೈತಿ” ಎಂದಳು ಅವ್ವ. “ಹಿತ್ತಲ ಮೆಟ್ಟಿಲಾ ನನಗ ಇಳಿಯಾಕ ಬರೂದಿಲ್ಲ.”

ಅವನು ಬಾಟಲಿಯ ಮುಚ್ಚಳ ತಿರುಗಿಸುತ್ತ ನಿಂತ. ಆಮೇಲೆ ನನ್ನ ಕಡೆ ನೋಡದೆ, ಹೊಳೆ ಬಂದಾಗಿನ ಮಾತು ತೆಗೆದ. ಮಹಾಪೂರದಲ್ಲಿ ಜುಗೂಳಕ್ಕೆ ಜುಗೂಳವೇ ಎದ್ದುಬಂದು ಒಂದು ಶಾಲೆಯಲ್ಲಿ ಇದ್ದದ್ದು, ಊಟ ಬಂತು, ಹೊದಿಕೆ ಬಂತು, ಆದರೆ ಹೆಂಗಸರು ಹೊರಕಡೆ ಹೋಗಲು ಜಾಗ ಇರಲಿಲ್ಲ, ಸುತ್ತ ನೀರೇ ನೀರು. “ನಮ್ಮವ್ವನೂ ಹಿಂಗ ಮಾಡಿದ್ಳರಿ. ಸುತ್ತ ಅಷ್ಟ ನೀರ, ಆಕಿ ಒಂದ ಗುಟುಕ ಕುಡೀಲಿಲ್ಲ. ಮಿರಜಿಗೆ ಒಯ್ದ ಸಲಾಯಿನ್ ಹಚ್ಚಿದ್ವಿ” ಎಂದ. ಆಮೇಲೆ ಅವ್ವನಿಗೆ, “ಏಳ್ರಿ ಯಮ್ಮಾ, ಆ ಪೆಟಗಿ ಕೊಡ್ರಿ ಇಲ್ಲೆ” ಎಂದ.

ಅವನು ಅಂದೇ ಕೂರಿಸಿದ. ಹೊರಗೆ ಯಾರಿಗೂ ಹೇಳಬಾರದು, ಕೇಳಿದರೆ ಪರವೂರಿನ ಪ್ಲಂಬರ ಮಾಡಿದ ಅನ್ನಬೇಕು ಎಂದು ಮಾತು ತೆಗೆದುಕೊಂಡ. ಅವನು ಒಳ್ಳೆಯ ಮನುಷ್ಯ ಎಂದು ಹೇಳುವುದು ನನಗೆ ಕಷ್ಟ. ಇಷ್ಟು ದಿನ ಆ ಪೆಟ್ಟಿಗೆಯನ್ನು ದಾಟಿಕೊಂಡು ಓಡಾಡಿದವನೂ ಅವನೇ. ಆದರೆ ಚಿಲಕವನ್ನು ನಾನು ಗುರುತು ಹಾಕಿದ ಎತ್ತರಕ್ಕೇ ಬಡಿದು, ಎಣ್ಣೆ ಬಿಟ್ಟು, ಸರಾಗ ಸರಿಯುವ ತನಕ ಎಳೆದು ಎಳೆದು ನೋಡಿದ. ಅಷ್ಟನ್ನು ಅವನ ಲೆಕ್ಕಕ್ಕೆ ಬರೆಯುತ್ತೇನೆ.

ನಾವು ಹೊಸ ಮನೆಗೆ ಬಂದೆವು. ಬಂದವರಿಗೆಲ್ಲ ಹೋಳಿಗೆ ಹಾಕಿದೆ. ಓಣಿಯವರಲ್ಲಿ ಅರ್ಧ ಜನ ಬರಲಿಲ್ಲ. ಬಂದವರು ಅಡುಗೆಮನೆ ನೋಡಿದರು, ಮಾಳಿಗೆ ನೋಡಿದರು, ಅವ್ವನ ಕೋಣೆಯ ಹೊಸ್ತಿಲ ಮೇಲೆ ನಿಂತು ಒಳಗಿನ ಆ ಬಾಗಿಲನ್ನು ಕತ್ತು ಉದ್ದ ಮಾಡಿ ನೋಡಿದರು. ಹೋಳಿಗೆ ಮಾತ್ರ ಎರಡೆರಡು ಹಾಕಿಸಿಕೊಂಡರು. ಆ ವಾರವೇ ಬಡಗಣ ಮಗ್ಗುಲಿನವರು ಪುರಸಭೆಗೆ ನನ್ನ ಮೇಲೆ ಅರ್ಜಿ ಕೊಟ್ಟರು, ಪರವಾನಗಿಗೆ ವಿರುದ್ಧವಾಗಿ ಕಟ್ಟಿದ್ದಾರೆ, ನೆರೆಯವರ ಆರೋಗ್ಯಕ್ಕೆ ಧಕ್ಕೆ ಎಂದು. ನನ್ನ ಅರ್ಜಿಗೆ ಕದಲದ ಪುರಸಭೆ ಅವರ ಅರ್ಜಿಗೆ ಕದಲಿತು.

ಸಾಹೇಬರು ಬಂದದ್ದು ರವಿವಾರ ಬಿಟ್ಟು ಮರುದಿನ, ನಾನು ಶಾಲೆಗೆ ಹೊರಡುವ ಹೊತ್ತು. ಹೆಲ್ಮೆಟ್ಟು ಕೈಯಲ್ಲಿ ಹಿಡಿದುಕೊಂಡ, ನಿದ್ದೆ ಸಾಲದ ಮುಖದ ಮನುಷ್ಯ. ಅವರ ಹಿಂದೆಯೇ ಬಡಗಣ ಮಗ್ಗುಲಿನ ಟೋಪಿ. ಟೋಪಿಯವರು ಕರೆಯದೆ ಒಳಗೆ ಬಂದರು. ನಮ್ಮ ಮನೆಗೆ ಅವರು ಕಾಲಿಟ್ಟದ್ದು ಅದೇ ಮೊದಲು, ನೀರು ಬೇಕೆ ಎಂದರೆ ಬೇಡ ಎಂದರು, ಆದರೆ ಕಣ್ಣು ಎಲ್ಲ ಗೋಡೆಗಳ ಮೇಲೂ ಓಡಾಡಿತು, ನೀಲಿ ಕೋಟಿನ ಚಿತ್ರದ ಮೇಲೆ ಸ್ವಲ್ಪ ನಿಂತಿತು. ಸಾಹೇಬರು ಹಳೆಯ ನಕ್ಷೆ, ಹೊಸ ನಕ್ಷೆ ಎರಡನ್ನೂ ಬಿಚ್ಚಿ, ಅವ್ವನ ಕೋಣೆಗೆ ಹೋಗಿ, ಆ ಬಾಗಿಲನ್ನು ನೂಕಿದರು. ಬಾಗಿಲು ತೆರೆಯಲಿಲ್ಲ.

ಅವ್ವ ಒಳಗಿದ್ದಳು.

ಯಾವುದು ಆಗಬಾರದು ಎಂದು ನಾನು ಆ ಬೆಂಚಿನ ಮೇಲೆ ಅಷ್ಟು ಸಂಜೆ ಕೂತಿದ್ದೆನೋ ಅದೇ ಆಗಿತ್ತು. ಅವಳು ಒಳಗೆ, ಹೊರಗೆ ಕಾಗದ ಹಿಡಿದವರು. ನಾನು ಏನಾದರೂ ಹೇಳುವ ಮೊದಲೇ ಟೋಪಿಯವರು ಮುಂದೆ ಹೋಗಿ ಬೆರಳ ಗೆಣ್ಣಿನಿಂದ ಬಾಗಿಲು ಬಡಿದರು.

“ಆಜಿ, ಲಗೂ ಬರ್ರಿ. ಸಾಹೇಬ್ರ ಬಂದಾರ.”

ಒಳಗಿಂದ ಅವ್ವನ ದನಿ, ಅವಸರವಿಲ್ಲದ್ದು.

“ಯಾವ ಸಾಹೇಬಾ?”

“ಪುರಸಭಾದವ್ರು.”

“ನಿಂದರಂತ ಹೇಳ.”

ನಿಂತರು. ಏನು ಮಾಡುತ್ತಾರೆ, ಚಿಲಕ ಒಳಗಿತ್ತು. ಸಾಹೇಬರು ಕಿಟಕಿಯ ಹತ್ತಿರ ಹೋಗಿ ರಸ್ತೆ ನೋಡುತ್ತ ನಿಂತರು. ಟೋಪಿಯವರು ವಾಚು ನೋಡಿಕೊಂಡರು, ಕೆಮ್ಮಿದರು, ಈಶಾನ್ಯದ ಬಗ್ಗೆ ಏನೋ ಶುರು ಮಾಡಿದರು. ಸಾಹೇಬರು ಹೂಂ ಅನ್ನಲಿಲ್ಲ. ನಾನು ಅವರಿಗೆ ಕುರ್ಚಿ ಕೊಡಲಿಲ್ಲ. ಕೊಡಬಹುದಿತ್ತು, ಪಕ್ಕದಲ್ಲೇ ಇತ್ತು. ನಮ್ಮವ್ವ ಬೇರೆಯವರ ಬಾಗಿಲ ಮುಂದೆ ನಿಂತ ಹೊತ್ತನ್ನೆಲ್ಲ ಕೂಡಿಸಿದರೆ ಎಷ್ಟಾಗುತ್ತದೋ ಯಾರಿಗೆ ಗೊತ್ತು. ಅದರಲ್ಲಿ ಒಂದು ಚೂರು ಇವರೂ ನಿಲ್ಲಲಿ ಎನಿಸಿತು, ಶಾಲೆಗೆ ತಡವಾದರೂ ಆಗಲಿ.

ನೀರು ಸುರಿದ ಸದ್ದಾಯಿತು. ಮತ್ತೆ ಸುರಿದ ಸದ್ದಾಯಿತು. ಸರಳು ಹಿಡಿದು ಏಳುವಾಗಿನ ಅವಳ ಉಸಿರು ಕೇಳಿತು. ಆಮೇಲೆ ಚಿಲಕ ಸರಿಯಿತು, ಬಾಗಿಲು ತೆರೆಯಿತು, ಮೊದಲು ವಾಕರಿನ ಕಾಲು, ಆಮೇಲೆ ಅವ್ವ. ತಲೆಯ ಮೇಲೆ ಸೆರಗು, ಕೈ ಒದ್ದೆ. ಸಾಹೇಬರು ಹಿಂದೆ ಸರಿದು ದಾರಿ ಬಿಟ್ಟರು. ಟೋಪಿಯವರಿಗೆ ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕಾಯಿತು, ವಾಕರ್ ಅಗಲ. ಅವಳು ಅವರ ಎದುರಿಗೇ ನಿಂತಳು.

“ಬಾಗಲಾ ಬಡದಾವ ಯಾರ?”

ಟೋಪಿಯವರು ಮೇಲೆ ಛಾವಣಿಯ ಕಡೆ ನೋಡಿದರು.

“ಒಳಗ ಮಂದಿ ಇದ್ದಾಗ ಬಡೀಬಾರದು” ಎಂದು ಹೇಳಿ ಅವಳು ಮಂಚದ ಕಡೆ ಹೋದಳು.

ಸಾಹೇಬರು ಒಳಗೆ ಹೋಗಿ ಟೇಪು ಹಿಡಿದರು, ಗವಾಕ್ಷಿ ನೋಡಿದರು, ಹೊರಗೆ ಹೋಗಿ ಪೈಪು ನೋಡಿದರು. ಬಂದು, “ಹೊಸಾ ನಕ್ಷಾದಾಂಗನ ಐತ್ರಿ” ಎಂದು ಕಾಗದದ ಮೇಲೆ ಸಹಿ ಗೀಚಿದರು. ಟೋಪಿಯವರು, “ಆದ್ರ ಸಾಹೇಬ್ರ, ಈಶಾನ್ಯ…” ಎಂದರು. “ಅದ ನಮ್ಮ ಕಾಯಿದೆದಾಗ ಬರೂದಿಲ್ರಿ” ಎಂದು ಸಾಹೇಬರು ಹೆಲ್ಮೆಟ್ಟು ಹಾಕಿಕೊಂಡರು. ಹೋಗುವಾಗ ಕಂಪೌಂಡಿಗೆ ತಾಗಿದ ಆ ಹೊರಮೆಟ್ಟಿಲ ಮುಂದೆ ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ನೋಡಿದರು. ಅದರ ಮುಂದೇನಾಯಿತು ಎಂದು ನಾನು ವಿಚಾರಿಸಲಿಲ್ಲ.

ನಾನು ಒಳಗೆ ಬಂದಾಗ ಅವ್ವ ಕಿಟಕಿಗೆ ಮುಖ ಮಾಡಿ ಕೂತಿದ್ದಳು. ಟೋಪಿಯವರು ತಮ್ಮ ಗೇಟು ತೆರೆದು ಒಳಗೆ ಹೋಗುವುದನ್ನು ನೋಡುತ್ತಿದ್ದಳು.

“ನೀರ ಕೊಡ” ಎಂದಳು.

ಅಡುಗೆಮನೆಗೆ ಹೋಗಿ ಲೋಟದಲ್ಲಿ ತಂದುಕೊಟ್ಟೆ. ಅವಳು ಲೋಟದೊಳಗೆ ನೋಡಿದಳು, ನನ್ನನ್ನು ನೋಡಿದಳು.

“ಅರ್ಧಾ ಯಾಕ ತಂದಿ?” ಎಂದಳು. “ತಂಬಗಿ ತುಂಬಿ ತಾ.”